ಗೊರೂರಿನ ಕಡಲಲ್ಲಿ ಮೂರು ಹನಿ

ಹಳ್ಳಿಮೈಸೂರಿನ ಸುತ್ತಲ ತೋಟಗಳ ಕೊಳವೆಬಾವಿಗೆ ಇಳಿಸುವ 5 ಎಚ್.ಪಿ. ಮೋಟಾರಿನ ಶಕ್ತಿ ಸುಮಾರು 3,730 ವ್ಯಾಟ್. ಮನೆಯ ಮೇಜಿನ ಮೇಲೆ ಬೆಸುಗೆ ಹಾಕಿ ಕಟ್ಟಿಕೊಳ್ಳುವ, ಹ್ಯಾಮ್‌ಗಳು ಅಂದರೆ ಹವ್ಯಾಸಿ ರೇಡಿಯೊದವರು ಕ್ಯೂ.ಆರ್.ಪಿ. ಎನ್ನುವ ಪುಟ್ಟ ರೇಡಿಯೊ ಹೊರಚೆಲ್ಲುವ ಶಕ್ತಿ ಎಷ್ಟು? ಹೆಚ್ಚೆಂದರೆ 5 ವ್ಯಾಟ್! ಆ ಒಂದು ಮೋಟಾರಿನ ಶಕ್ತಿ ಇಂಥ 746 ರೇಡಿಯೊಗಳಿಗೆ ಸಮ. 1935ರಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದ ಆಕಾಶವಾಣಿ ಆರಂಭಿಸಿದ್ದು 30 ವ್ಯಾಟ್‌ನಲ್ಲಿ. ಅಂದರೆ ಇಂಥ ಆರು ಸೆಟ್. ಮುಂದೆ ಬೆಂಗಳೂರಿನಲ್ಲಿ ಎದ್ದು ನಿಂತ 500 ಕಿಲೋವ್ಯಾಟ್‌ನ ಒಂದೊಂದು ಶಾರ್ಟ್‌ವೇವ್ ಟ್ರಾನ್ಸ್‌ಮಿಟರಿಗೆ ಸರಿಗಟ್ಟಲು ಒಂದು ಲಕ್ಷ ಸೆಟ್ ಬೇಕು!

ಈ ಸೆಟ್ಟಿನೊಳಗೆ ಇರುವುದಾದರೂ ಏನು? ಹೈದರಾಬಾದಿನ ಅಷರ್ ಫರ್ಹಾನ್ ರೂಪಿಸಿದ, ಜಗತ್ತಿನಾದ್ಯಂತ ಹವ್ಯಾಸಿಗಳು ಕಟ್ಟಿದ ಬಿಟ್‌ಎಕ್ಸ್ ಎಂಬ ಸೆಟ್ಟಿನ ಮೊದಲ ವಿನ್ಯಾಸದಲ್ಲಿ ಸುರುಳಿಗಳನ್ನು ಸುತ್ತಿದ್ದು ನಲ್ಲಿಯ ವಾಷರ್‌ಗಳ ಮೇಲೆ. ನಲ್ಲಿಯ ವಾಷರ್! ಅದರಿಂದ ಖಂಡಾಂತರ ಮಾತುಕತೆ!

7 ಮೆಗಾಹರ್ಟ್ಸ್‌ಗೆ ಎರಡು ತೆಂಗಿನ ಮರಗಳ ನಡುವೆ ಸುಮಾರು 20 ಮೀಟರ್ ತಂತಿ ಕಟ್ಟಿದರೆ ಆಂಟೆನಾ ಸಿದ್ಧ. ಅದನ್ನು ನೆಟ್ಟಗೆ ನಿಲ್ಲಿಸಿದರೆ 58 ಅಡಿಯ ಶ್ರವಣಬೆಳಗೊಳದ ಗೊಮ್ಮಟನನ್ನೂ ಮೀರುತ್ತದೆ. ಆ ತಂತಿಯಲ್ಲಿ ವಿದ್ಯುತ್ತು ಒಂದು ಸೆಕೆಂಡಿಗೆ 70 ಲಕ್ಷ ಸಲ ಓಲಾಡುತ್ತದೆ. ಸೆಕೆಂಡಿಗೆ ಒಂದರಂತೆ ಅನ್ನ, ನಿದ್ದೆ ಬಿಟ್ಟು ಎಣಿಸುತ್ತ ಕೂತರೆ ಮುಗಿಸಲು 81 ದಿನ ಬೇಕು! ಹೊರಟ ಅಲೆಯಾದರೋ ಭೂಮಿಯ ಆಚೆ ಬದಿ ಮುಟ್ಟಲು ಸೆಕೆಂಡಿನ ಹದಿನೈದನೇ ಒಂದು ಪಾಲು ಸಾಕು.

ಮುಟ್ಟಿದಾಗ ಉಳಿಯುವುದೆಷ್ಟು ಎಂಬಲ್ಲಿ ತಲೆ ತಿರುಗುತ್ತದೆ. ಆ ಕಡೆಯವರು ಖುಷಿಯಿಂದ 'ಫೈವ್ ನೈನ್' ಎಂದರೆ, ಅಂದರೆ ಬಲವಾದ ಸಿಗ್ನಲ್ ಎಂದರೆ, ಅವರ ರೇಡಿಯೊಗೆ ತಲುಪಿದ್ದು ನಮ್ಮ 5 ವ್ಯಾಟ್‌ನ ಹತ್ತು ಸಾವಿರ ಕೋಟಿಯಲ್ಲಿ ಒಂದು ಪಾಲು. ಗೊರೂರಿನ ಹೇಮಾವತಿ ಜಲಾಶಯ ತುಂಬಿದರೆ 37.1 ಟಿ.ಎಂ.ಸಿ., ಹತ್ತಿರ ಹತ್ತಿರ ಒಂದು ಲಕ್ಷ ಕೋಟಿ ಲೀಟರ್. ಅದರಲ್ಲಿ ಹತ್ತು ಸಾವಿರ ಕೋಟಿಯ ಒಂದು ಪಾಲೆಂದರೆ ಹತ್ತು ಲೀಟರ್, ಬರೀ ಒಂದು ಬಿಂದಿಗೆ! ಇದು ಗಟ್ಟಿಯಾಗಿ ಕೇಳಿಸುವ ಸಿಗ್ನಲ್. ಅತಿ ಕ್ಷೀಣವಾದ ಎಸ್-1 ಸಿಗ್ನಲ್ ಇದರ 63,000ದ ಒಂದು ಪಾಲು. ಅಂದರೆ ತುಂಬಿದ ಗೊರೂರಿನ ಇಡೀ ಜಲಾಶಯದಲ್ಲಿ ಮೂರು ಹನಿ! ಆ ಮೂರು ಹನಿಯನ್ನೂ ಹಿಡಿದು ಮೋರ್ಸ್‌ನ ಚುಕ್ಕೆ-ಗೆರೆಗಳನ್ನು ಬಿಡಿಸಿ ಓದುವ ಕಿವಿಗಳಿವೆ.

5 ವ್ಯಾಟ್ ಕೂಡ ದುಬಾರಿ ಎನ್ನುವವರಿಗೆ ಬೆಂಗಳೂರಿನ ಇಸ್ರೋ ಹ್ಯಾಮ್‌ಗಳಿಗೆಂದೇ ಕಟ್ಟಿದ 42.5 ಕೆ.ಜಿ.ಯ ಹ್ಯಾಮ್‌ಸ್ಯಾಟ್ ಉಪಗ್ರಹ ಇತ್ತು. 2005ರ ಮೇ 5ರಂದು ಮೇಲೇರಿದ ಅದು ಸುಮಾರು 1 ವ್ಯಾಟ್‌ನಲ್ಲೇ ಮಾತು ದಾಟಿಸುತ್ತ 2014ರವರೆಗೆ ದುಡಿಯಿತು. ಅಷ್ಟರಲ್ಲಿ ಭೂಮಿಗೆ ಹಾಕಿದ ಸುತ್ತು ಹತ್ತಿರ ಹತ್ತಿರ 50 ಸಾವಿರ, ಕ್ರಮಿಸಿದ ದಾರಿ 200 ಕೋಟಿ ಕಿ.ಮೀ.ಗೂ ಹೆಚ್ಚು!

ಇದಕ್ಕೂ ಮಿಗಿಲಾದದ್ದು 1970ರ ಒಂದು ಸಂಪರ್ಕ. ಅಮೆರಿಕದ ಅಲಾಸ್ಕಾದಿಂದ ಆರಿಗನ್‌ಗೆ, ಸುಮಾರು 2,650 ಕಿ.ಮೀ. ದೂರ, ಒಬ್ಬ ಹ್ಯಾಮ್ ಬಳಸಿದ್ದು ಒಂದೇ ಮೈಕ್ರೋವ್ಯಾಟ್. ಹಾಸನದಿಂದ ಲೇಹ್‌ಗೆ ನೇರ ಗೆರೆ ಎಳೆದರೂ ಅಷ್ಟಾಗದು. ನಮ್ಮ 5 ವ್ಯಾಟ್‌ನ್ನು 50 ಲಕ್ಷ ಚೂರು ಮಾಡಿದರೆ ಒಂದು ಚೂರು ಅಷ್ಟು! ಆ ದರದಲ್ಲಿ ಲೆಕ್ಕ ಹಾಕಿದರೆ 1 ವ್ಯಾಟ್‌ಗೆ 265 ಕೋಟಿ ಕಿ.ಮೀ.: ಭೂಮಿಗೆ 66,000 ಸುತ್ತು, ಇಲ್ಲವೇ ಸೂರ್ಯನಿಗೆ ಎಂಟು ಸಲ ಹೋಗಿ ಬಂದು ಒಂಬತ್ತನೆಯ ಸಲ ಮರಳುವಾಗ ಅರ್ಧ ದಾರಿ ದಾಟಿದಷ್ಟು. ಇನ್ನು 5 ವ್ಯಾಟ್‌ಗೆ? 1,325 ಕೋಟಿ ಕಿ.ಮೀ. ಪ್ಲೂಟೊದ ಸರಾಸರಿ ದೂರಕ್ಕೆ ಹೋಗಿ ಬಂದರೂ ನೂರು ಕೋಟಿಗೂ ಹೆಚ್ಚು ಮಿಗುತ್ತದೆ!