ಹೊಳೆಯ ಸುಳಿ, ಕೊರಳಿನ ಕವಲು

ಮಳೆಗಾಲದಲ್ಲಿ ತುಂಬಿ ಹರಿಯುವ ಹೊಳೆಯ ನಡುವಣ ಬಂಡೆಯನ್ನು ಗಮನಿಸಿದವರಿಗೆ ಒಂದು ಸಂಗತಿ ತಿಳಿದಿರುತ್ತದೆ. ಬಂಡೆಗೆ ರಭಸದಿಂದ ಅಪ್ಪಳಿಸುವ ನೀರು ಅದನ್ನು ದಾಟಿದೊಡನೆ ಹಿಂಬದಿಯ ಮರೆಯಲ್ಲಿ ಮಂದವಾಗಿ ಸುಳಿಯುತ್ತದೆ. ಕೆಲವೆಡೆ ಹಿಮ್ಮುಖವಾಗಿಯೂ ಚಲಿಸುತ್ತದೆ. ತರಗೆಲೆ, ನೊರೆ, ಕಸಕಡ್ಡಿಗಳು ಬಂದು ಸೇರುವುದು ಅಲ್ಲಿಯೇ. ಇದೇ ನಿಯಮವು ಮನುಷ್ಯನ ಕೊರಳಿನೊಳಗೂ ಕೆಲಸ ಮಾಡುತ್ತಿದೆಯೆಂಬುದು ಅನೇಕರಿಗೆ ಹೊಸ ವಿಷಯವಾದೀತು.

ದ್ರವವು ಗೋಡೆಯನ್ನು ತಾಗಿ ಹರಿಯುವಲ್ಲಿ ಘರ್ಷಣೆಯಿಂದ ಅದರ ವೇಗ ಕುಗ್ಗುತ್ತದೆ. ಈ ತೆಳುವಾದ ಪದರದ ಮಹತ್ವವನ್ನು ಜರ್ಮನಿಯ ವಿಜ್ಞಾನಿ ಲುಡ್ವಿಗ್ ಪ್ರಾಂಟ್ಲ್ 1904ರಲ್ಲಿ ವಿವರಿಸಿದರು. ದಾರಿಯು ಅಗಲವಾದಾಗ ಪ್ರವಾಹದ ವೇಗ ತಗ್ಗಿ ಒತ್ತಡ ಏರುತ್ತದೆ. ನಡುವಣ ವೇಗದ ಧಾರೆಯು ಆ ಒತ್ತಡವನ್ನು ಎದುರಿಸಿ ಮುಂದೆ ಸಾಗುತ್ತದೆ. ಗೋಡೆಯ ಬದಿಯ ಪದರವು ಶಕ್ತಿ ಸಾಲದೆ ನಿಂತು, ಬಳಿಕ ಹಿಂದಕ್ಕೆ ತಿರುಗುತ್ತದೆ. ಪ್ರವಾಹವು ಗೋಡೆಯನ್ನು ಬಿಟ್ಟು ದೂರ ಸರಿಯುವುದು ಹೀಗೆ. ನೀರಿನಲ್ಲಿ ಮುಳುಗಿದ ಮೆಟ್ಟಿಲೊಂದನ್ನು ದಾಟಿದ ಪ್ರಕ್ಷುಬ್ಧ ಪ್ರವಾಹವು ಮತ್ತೆ ತಳವನ್ನು ಸೇರಬೇಕಾದರೆ ಮೆಟ್ಟಿಲಿನ ಎತ್ತರದ ಸುಮಾರು ಆರೇಳು ಪಟ್ಟು ದೂರ ಸಾಗಬೇಕಾಗುತ್ತದೆ. ಆ ನಡುವಿನ ಜಾಗವೆಲ್ಲ ಸುಳಿಯ ಪಾಲು.

ಇನ್ನು ಕೊರಳಿನ ವಿಚಾರ. ಅದರ ಎರಡು ಪಕ್ಕಗಳಲ್ಲಿ ಕೆರಾಟಿಡ್ ಎಂಬ ಧಮನಿಗಳಿವೆ. ಧ್ವನಿಪೆಟ್ಟಿಗೆಯ ಮಟ್ಟದಲ್ಲಿ ಪ್ರತಿಯೊಂದೂ ಕವಲೊಡೆದು ಒಂದು ಶಾಖೆ ಮಿದುಳಿಗೂ ಮತ್ತೊಂದು ಮುಖದ ಭಾಗಕ್ಕೂ ರಕ್ತವನ್ನು ಒಯ್ಯುತ್ತವೆ. ಮಿದುಳಿನ ಶಾಖೆಯು ಆರಂಭದಲ್ಲಿ ತುಸು ಉಬ್ಬಿಕೊಂಡಿದೆ. ಅಲ್ಲಿ ದಾರಿ ಅಗಲವಾಗುವುದರಿಂದ, ಹೃದಯದ ಪ್ರತಿ ಬಡಿತದಲ್ಲಿಯೂ ಸ್ವಲ್ಪ ಹೊತ್ತು ರಕ್ತವು ಹೊರಗೋಡೆಯನ್ನು ಬಿಟ್ಟು ಸರಿದು ಹಿಮ್ಮುಖವಾಗಿ ಸುಳಿಯುತ್ತದೆ.

ವೇಗದ ರಕ್ತವು ಬಲವಾಗಿ ಉಜ್ಜುವ ಕಡೆಯಲ್ಲಿಯೇ ನಾಳವು ಕೆಡುವುದೆಂದು ಊಹಿಸುವುದು ಸಹಜ. ಆದರೆ ಲಂಡನ್ನಿನ ಕಾಲಿನ್ ಕ್ಯಾರೋ ಮತ್ತು ಸಂಗಡಿಗರು 1969ರಲ್ಲಿ ಇದಕ್ಕೆ ವಿರುದ್ಧವಾದ ಸಂಗತಿಯನ್ನು ತೋರಿಸಿದರು: ಕೊಬ್ಬಿನ ಲೇಪವು ಮೊದಲು ಕಾಣಿಸಿಕೊಳ್ಳುವುದು ಉಜ್ಜುವಿಕೆ ಕಡಿಮೆಯಿರುವ ಎಡೆಗಳಲ್ಲಿ. ಒಂದೇ ದಿಕ್ಕಿನ ಹರಿವಿಗೆ ಒಡ್ಡಿದ ಒಳಪದರದ ಜೀವಕೋಶಗಳು ಸಾಲಾಗಿ ಹೊಂದಿಕೊಂಡು ನಾಳವನ್ನು ಕಾಪಾಡುವ ವಸ್ತುಗಳನ್ನು ಸ್ರವಿಸುತ್ತವೆ. ಹರಿವು ಅತ್ತಿತ್ತ ತೂಗಾಡುವಲ್ಲಿ ಆ ಶಿಸ್ತು ತಪ್ಪುತ್ತದೆ. ಗೋಡೆಯೊಳಗೆ ಕೊಬ್ಬು ಸೇರಿ ಉರಿಯೂತ ಹುಟ್ಟುತ್ತದೆ.

ಲೇಪವು ಬೆಳೆದು ದಾರಿ ಕಿರಿದಾದರೆ ಅದೇ ಒಂದು ಹೊಸ ಬಂಡೆಯಾಗುತ್ತದೆ. ಇಕ್ಕಟ್ಟಿನಿಂದ ಧಾರೆಯಾಗಿ ಚಿಮ್ಮುವ ರಕ್ತವು ಮುಂದೆ ಪ್ರಕ್ಷುಬ್ಧಗೊಂಡು ಗೋಡೆಯನ್ನು ಕಂಪಿಸುತ್ತದೆ. ಆ ಮರ್ಮರ ಧ್ವನಿಯನ್ನು ವೈದ್ಯರು ಸ್ಟೆತಾಸ್ಕೋಪಿನಿಂದ ಕೇಳಬಲ್ಲರು. ಆದರೆ ಸದ್ದಿಲ್ಲವೆಂದ ಮಾತ್ರಕ್ಕೆ ನಿಶ್ಚಿಂತರಾಗುವಂತಿಲ್ಲ. ನಾಳವು ಬಹುಮಟ್ಟಿಗೆ ಮುಚ್ಚಿಹೋದಾಗ ಹರಿವೇ ಕ್ಷೀಣಿಸಿ ಧ್ವನಿಯೂ ಅಡಗಬಹುದು. ನಿಶ್ಚಿತವಾಗಿ ತಿಳಿಯಲು ಡಾಪ್ಲರ್ ಸ್ಕ್ಯಾನಿನಂತಹ ಪರೀಕ್ಷೆ ಬೇಕು.

ಲೇಪದ ಚೂರು ಅಥವಾ ಅದರ ಮೇಲೆ ಹೆಪ್ಪುಗಟ್ಟಿದ ರಕ್ತದ ತುಣುಕು ಮಿದುಳಿಗೆ ಸಾಗಿದರೆ ಪಾರ್ಶ್ವವಾಯು ಸಂಭವಿಸಬಹುದು. ಒಂದು ಕಣ್ಣು ಹಠಾತ್ತನೆ ಮಂಜಾಗುವುದು, ಬಾಯಿ ಓರೆಯಾಗುವುದು, ಒಂದು ಕೈಯೋ ಕಾಲೋ ಸೋಲುವುದು, ಮಾತು ತೊದಲುವುದು ಇದರ ಎಚ್ಚರಿಕೆಗಳು. ಕೆಲವೇ ನಿಮಿಷಗಳಲ್ಲಿ ಸರಿಹೋದರೂ ಇವನ್ನು ಆಯಾಸವೆಂದು ಕಡೆಗಣಿಸದೆ ಕೂಡಲೇ ಆಸ್ಪತ್ರೆಗೆ ಧಾವಿಸಬೇಕು. ಹೆಪ್ಪನ್ನು ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ಲಕ್ಷಣ ಕಂಡ ನಾಲ್ಕೂವರೆ ಗಂಟೆಗಳೊಳಗಾಗಿ ಕೊಡಬೇಕಾಗುತ್ತದೆ.

ಕವಲಿನ ಆಕಾರವು ದೇಹರಚನೆಗೆ ಸೇರಿದ್ದು. ಸುಳಿಯನ್ನು ತಪ್ಪಿಸುವುದು ಯಾರ ಕೈಯಲ್ಲಿಯೂ ಇಲ್ಲ. ಆದರೆ ಹೊಳೆಯಲ್ಲಿ ಕಸ ತೇಲಿ ಬಾರದಿದ್ದರೆ ಬಂಡೆಯ ಮರೆಯಲ್ಲಿ ಸೇರುವುದೇನು? ಧೂಮಪಾನವನ್ನು ತ್ಯಜಿಸುವುದು, ರಕ್ತದೊತ್ತಡ, ಸಕ್ಕರೆ ಮತ್ತು ಕೊಲೆಸ್ಟರಾಲುಗಳನ್ನು ಕಾಲಕಾಲಕ್ಕೆ ಪರೀಕ್ಷಿಸಿಕೊಂಡು ಹತೋಟಿಯಲ್ಲಿಡುವುದು, ದಿನವೂ ನಡೆಯುವುದು, ಇವು ಮನುಷ್ಯನ ಕೈಯಲ್ಲಿಯೇ ಇರುವ ಉಪಾಯಗಳು.