ಒಲೆಯ ಮುಂದಿನ ದಾನಿಗಳು

2002ರ ಬರಗಾಲದಲ್ಲಿ ಆಫ್ರಿಕಾದ ಮಲಾವಿ ದೇಶಕ್ಕೆ ಹೋದ ಸ್ಕಾಟ್ಲೆಂಡಿನ ಕಥೋಲಿಕ ಮ್ಯಾಗ್ನಸ್ ಮ್ಯಾಕ್‌ಫರ್ಲೇನ್-ಬ್ಯಾರೋ, ಹೊಟ್ಟೆತುಂಬ ಊಟ ಮತ್ತು ಶಾಲೆ ಎರಡನ್ನೇ ಬಯಸಿದ ಬಾಲಕನೊಬ್ಬನನ್ನು ಕಂಡರು. ಅದೇ ವರ್ಷ ಅಲ್ಲಿ 200 ಮಕ್ಕಳಿಗೆ ಶಾಲೆಯಲ್ಲೇ ಊಟ ಆರಂಭವಾಯಿತು. ಮಾತೆ ಮರಿಯಮ್ಮನವರ ಹೆಸರು ಹೊತ್ತ ಆ ‘ಮೇರೀಸ್ ಮೀಲ್ಸ್’ ಸಂಸ್ಥೆ ಇಂದು ಹಲವು ದೇಶಗಳ 20 ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಉಣಬಡಿಸುತ್ತಿದೆ.

ಧನ ಬರುವುದು ದೂರದ ದಾನಿಗಳಿಂದ. ಆದರೆ ಮಲಾವಿಯಲ್ಲಿ ನಸುಕಿನಲ್ಲೇ ಒಲೆ ಹೊತ್ತಿಸಿ, ಮೆಕ್ಕೆಜೋಳ ಹಾಗೂ ಸೋಯಾ ಹಿಟ್ಟಿನ ಗಂಜಿ ಬೇಯಿಸುವ ಸ್ವಯಂಸೇವಕರು ಆಯಾ ಊರಿನ ತಾಯಂದಿರು, ಅಜ್ಜಿಯರು. ಸರದಿಯಂತೆ ಬರುವ ಇವರಿಗೆ ಸಂಬಳವಿಲ್ಲ.

ಕೊಡುವವರು ಸಿರಿವಂತರು, ಪಡೆಯುವವರು ಬಡವರು ಎಂದು ನಾವು ವಿಂಗಡಿಸುತ್ತೇವೆ. ಈ ತಾಯಂದಿರ ಮುಂದೆ ಆ ಗೆರೆ ಅಳಿಸಿಹೋಗುತ್ತದೆ. ಎರಡು ಕಾಸು ಅರ್ಪಿಸಿದ ವಿಧವೆಯನ್ನು ಪ್ರಭು ಯೇಸು ಗುರುತಿಸಿದರಲ್ಲವೇ? ನಾವು ಕೊಡುತ್ತಿರುವುದು ಉಳಿದುದರಲ್ಲೋ, ಇರುವುದರಲ್ಲೋ ಎಂದು ನಮ್ಮನ್ನೇ ಕೇಳಿಕೊಳ್ಳೋಣ.