ಹೊಲ ಮಾರಿದ ತಾತ, ಮರ ಮಾರದ ತಾತ: ಎಸ್ಸೆಸ್ಸೆಲ್ಸಿ ಇಂಗ್ಲಿಷ್ ಗದ್ಯ-ಪದ್ಯ ಓದುವ ಬಗೆ

ಕೋಲಾರ ಜಿಲ್ಲೆಯ ಮುಳಬಾಗಲು, ಶ್ರೀನಿವಾಸಪುರದ ಹಳ್ಳಿಗಳಲ್ಲಿ ಎಷ್ಟೋ ಮಕ್ಕಳು ಅಮ್ಮನ ಹತ್ತಿರ ತೆಲುಗಿನಲ್ಲಿ ಮಾತಾಡುತ್ತಾರೆ, ಶಾಲೆಯಲ್ಲಿ ಕನ್ನಡದಲ್ಲಿ ಪಾಠ ಕೇಳುತ್ತಾರೆ, ತೃತೀಯ ಭಾಷೆಯೆಂದು ಹಿಂದಿ ಬರೆಯುತ್ತಾರೆ. ಇವುಗಳ ಮಧ್ಯೆ ದ್ವಿತೀಯ ಭಾಷೆಯಾಗಿ ಇಂಗ್ಲಿಷ್ ಕೂತಿದೆ. ನಾಲ್ಕು ಭಾಷೆ ನಿಭಾಯಿಸುವ ಮಗುವಿಗೆ "ಇವನಿಗೆ ಇಂಗ್ಲಿಷ್ ತಲೆಗೆ ಹತ್ತಲ್ಲ" ಎಂದು ಹೇಳುವವರು ಸಾಮಾನ್ಯವಾಗಿ ಎರಡು ಭಾಷೆಯವರೇ ಆಗಿರುತ್ತಾರೆ. ಅದು ಹಾಗಿರಲಿ. ಹತ್ತನೇ ತರಗತಿಯ ಇಂಗ್ಲಿಷ್ ಪತ್ರಿಕೆಯಲ್ಲಿ ಮಕ್ಕಳು ಹೆಚ್ಚು ಹೆದರುವುದು ಕಥೆ, ಪದ್ಯಗಳಿಗೆ. ನನ್ನ ಮಟ್ಟಿಗೆ ಅಂಕ ಸುಲಭವಾಗಿ ಕೈಗೆ ಸಿಗುವುದೂ ಅಲ್ಲೇ. ವ್ಯಾಕರಣದ ಪ್ರಶ್ನೆ ಯಾವ ವಾಕ್ಯದ ರೂಪದಲ್ಲಿ ಬರುತ್ತದೋ ಯಾರಿಗೂ ಗೊತ್ತಿಲ್ಲ. ಪಠ್ಯದ ಕಥೆ ಮಾತ್ರ ಜೂನ್‌ನಿಂದ ಪುಸ್ತಕದಲ್ಲೇ ಇದೆ, ಮಾರ್ಚ್‌ವರೆಗೆ ಬದಲಾಗುವುದಿಲ್ಲ.

ಮೊದಲು ಪತ್ರಿಕೆಯ ಲೆಕ್ಕ. ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ ನಡೆಸುವ ಪರೀಕ್ಷೆಯಲ್ಲಿ ದ್ವಿತೀಯ ಭಾಷೆ ಇಂಗ್ಲಿಷ್‌ಗೆ ಲಿಖಿತ 80 ಅಂಕ, ಶಾಲೆಯ ಆಂತರಿಕ ಮೌಲ್ಯಮಾಪನಕ್ಕೆ 20. ಒಟ್ಟು ಸಮಯ 3 ಗಂಟೆ, ಅದರಲ್ಲಿ ಮೊದಲ 15 ನಿಮಿಷ ಪ್ರಶ್ನೆಪತ್ರಿಕೆ ಓದಿಕೊಳ್ಳಲು. 2023-24ನೇ ಸಾಲಿನಿಂದ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಒಂದರಲ್ಲಿ ತೃಪ್ತಿಯಾಗದಿದ್ದರೆ ಇನ್ನೊಂದನ್ನು ಬರೆಯಬಹುದು, ಹೆಚ್ಚು ಬಂದ ಅಂಕವೇ ಉಳಿಯುತ್ತದೆ. ಯಾವ ಪಾಠಕ್ಕೆ ಎಷ್ಟು ಅಂಕ ಎಂಬ ನೀಲನಕ್ಷೆ ಮತ್ತು ಮಾದರಿ ಪ್ರಶ್ನೆಪತ್ರಿಕೆಗಳು ಮಂಡಳಿಯ ಜಾಲತಾಣದಲ್ಲಿ ಬಿಟ್ಟಿ ಸಿಗುತ್ತವೆ. ದುಡ್ಡು ಕೊಟ್ಟು ಗೈಡ್ ಕೊಳ್ಳುವ ಮೊದಲು ಅವನ್ನು ಜೆರಾಕ್ಸ್ ಮಾಡಿಸಿಕೊಳ್ಳಿ.

ಗೈಡ್ ಎಂದಾಗ ನನ್ನದೇ ಒಂದು ಕಥೆ ನೆನಪಾಗುತ್ತದೆ. ನಾನು ಹತ್ತನೇ ತರಗತಿಯಲ್ಲಿದ್ದಾಗ ಕೊಂಡ ಗೈಡ್ ಒಂದರಲ್ಲಿ ಅಚ್ಚಿನ ತಪ್ಪಾಗಿ ಒಂದು ಪಾಠದ ಪ್ರಶ್ನೆಯ ಕೆಳಗೆ ಇನ್ನೊಂದು ಪಾಠದ ಉತ್ತರ ಬಂದಿತ್ತು. ಅರ್ಥ ನೋಡದೆ ಅದನ್ನೇ ಉರು ಹೊಡೆದೆ. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ನಾನಷ್ಟೇ ಅಲ್ಲ, ನಮ್ಮ ಬೆಂಚಿನ ನಾಲ್ಕೂ ಜನ ಅದನ್ನೇ ಬರೆದಿದ್ದೆವು. ಮೇಷ್ಟ್ರು ಬೈಯಲಿಲ್ಲ. ನಾಲ್ಕು ಉತ್ತರಪತ್ರಿಕೆಗಳನ್ನು ಒಂದರ ಪಕ್ಕ ಒಂದಿಟ್ಟು, "ಕಥೆ ಏನಪ್ಪಾ, ಹೇಳು" ಎಂದರು. ನಮ್ಮಲ್ಲಿ ಒಬ್ಬನಿಗೂ ಬಾಯಿ ಬರಲಿಲ್ಲ.

ಆ "ಕಥೆ ಏನಪ್ಪಾ" ಎಂಬ ಪ್ರಶ್ನೆಯಿಂದಲೇ ತಯಾರಿ ಶುರುವಾಗಬೇಕು.

ರಾಜ್ಯದ ದ್ವಿತೀಯ ಭಾಷೆಯ ಪುಸ್ತಕದಲ್ಲಿ ಎಂಟು ಗದ್ಯ, ಎಂಟು ಪದ್ಯ, ಅವುಗಳ ಜೊತೆ ಪೂರಕ ಓದಿನ ಕೆಲವು ಪಾಠಗಳಿವೆ. ಆರ್.ಕೆ. ನಾರಾಯಣರ 'ಎ ಹೀರೋ', ಶಾಂತಾ ರಾಮೇಶ್ವರ ರಾವ್ ಅವರ 'ದ ಕನ್ಸರ್ಟ್', ಚಿತ್ರಕಲಾವಿದ ಸತೀಶ್ ಗುಜ್ರಾಲ್ ಬಾಲ್ಯದ ಮೇಲಿನ 'ಕಲರ್ಸ್ ಆಫ್ ಸೈಲೆನ್ಸ್', ಡಾ. ಅಂಬೇಡ್ಕರರ ಪಾಠ, ರಸ್ಕಿನ್ ಬಾಂಡ್ ಅವರ ಮರ ಹತ್ತುವ ಅಜ್ಜಿ, ವಿ.ಕೃ. ಗೋಕಾಕರ 'ದ ಸಾಂಗ್ ಆಫ್ ಇಂಡಿಯಾ' ಎಲ್ಲ ಇದರಲ್ಲೇ ಬರುತ್ತವೆ. ಇವುಗಳಲ್ಲಿ ನಮ್ಮ ಜಿಲ್ಲೆಯ ಮಕ್ಕಳಿಗೆಂದೇ ಬರೆದ ಹಾಗಿರುವ ಪಾಠ ಒಂದಿದೆ. ನಡೆಯುವುದು ಮಾತ್ರ ಅಮೆರಿಕದಲ್ಲಿ. ಹೆಸರು 'ಜೆಂಟಲ್‌ಮನ್ ಆಫ್ ರಿಯೊ ಎನ್ ಮೇಡಿಯೊ', ಬರೆದವರು ಹ್ವಾನ್ ಸೆಡಿಯೊ. ಹೆಸರು ಕೇಳಿಯೇ ಮಕ್ಕಳು ಪುಟ ತಿರುಗಿಸಿಬಿಡುತ್ತಾರೆ.

ಕಥೆಯನ್ನು ನಮ್ಮ ಮಾತಿನಲ್ಲಿ ಹೇಳಿ ನೋಡಿ. ಡಾನ್ ಆನ್ಸೆಲ್ಮೊ ಎಂಬ ಒಬ್ಬ ತಾತ. ತಲೆತಲಾಂತರದ ಹೊಲ, ಹಳೇ ಮನೆ, ಹಣ್ಣಿನ ತೋಪು. ಅದನ್ನು ಕೊಳ್ಳಲು ಹೊರಗಿನವರು ಬಂದಿದ್ದಾರೆ. 1200 ಡಾಲರಿಗೆ ಮಾತಾಗಿದೆ. ಸರ್ವೆ ಮಾಡಿಸಿದರೆ ತಾತ ಹೇಳಿದ್ದಕ್ಕಿಂತ ಹೆಚ್ಚು ಜಮೀನಿದೆ. ಕೊಳ್ಳುವವರು ಒಳ್ಳೆಯವರು, ಇನ್ನೂ ಹೆಚ್ಚು ಹಣ ಕೊಡುತ್ತೇವೆ ಎನ್ನುತ್ತಾರೆ. ತಾತನಿಗೆ ಅವಮಾನವಾಗುತ್ತದೆ. ಆಡಿದ ಮಾತು ಆಡಿದ್ದೇ, ಹೆಚ್ಚಿನ ಕಾಸು ಬೇಡ ಎಂದು ಕಾಗದಕ್ಕೆ ರುಜು ಹಾಕಿ ಹೋಗುತ್ತಾನೆ. ಆಮೇಲೆ ನೋಡಿದರೆ ಊರಿನ ಮಕ್ಕಳೆಲ್ಲ ದಿನವೂ ತೋಪಿಗೆ ನುಗ್ಗುತ್ತಾರೆ. ಕರೆದು ಕೇಳಿದರೆ ತಾತ ಹೇಳುತ್ತಾನೆ: ನೆಲ ಮಾರಿದ್ದು ನಿಜ, ಮರ ಮಾರಿಲ್ಲ. ಮರ ನನ್ನದಲ್ಲ. ಊರಲ್ಲಿ ಮಗು ಹುಟ್ಟಿದಾಗಲೆಲ್ಲ ಅದರ ಹೆಸರಿನಲ್ಲಿ ಒಂದೊಂದು ಮರ ನೆಟ್ಟಿದ್ದೇನೆ, ಅವು ಆ ಮಕ್ಕಳವು. ಕೊನೆಗೆ ಕೊಂಡವರು ಒಂದೊಂದು ಮರವನ್ನೂ ಅದರದರ ವಾರಸುದಾರನಿಂದ ಬೇರೆಬೇರೆಯಾಗಿ ಕೊಳ್ಳಬೇಕಾಯಿತು. ಚಳಿಗಾಲದ ಬಹುಭಾಗ ಅದರಲ್ಲೇ ಕಳೆಯಿತು.

ಶ್ರೀನಿವಾಸಪುರದ ಮಗುವಿಗೆ ಇದನ್ನು ಬಿಡಿಸಿ ಹೇಳಬೇಕೇ? ನೆಲ ಒಬ್ಬರದು, ಆ ವರ್ಷದ ಫಸಲು ಇನ್ನೊಬ್ಬರದು ಎಂಬುದು ಅಲ್ಲಿ ವರ್ಷವರ್ಷವೂ ನೋಡುವ ಸಂಗತಿ. ಮಾವು ಹೂ ಬಿಟ್ಟಾಗಲೇ ವ್ಯಾಪಾರಿ ಬಂದು ತೋಟದ ಫಸಲು ಮಾತಾಡಿಕೊಂಡು ಹೋಗುತ್ತಾನೆ. ಒಮ್ಮೆ ಈ ಪಾಠ ಹೇಳಿದ್ದಾಗ ಒಬ್ಬ ಹುಡುಗಿ ಕೇಳಿದಳು: "ಸಾ, ಆ ತಾತ ಪತ್ರದಲ್ಲಿ ಮರ ಬಿಟ್ಟು ಅಂತ ಬರೆಸಿದ್ರೆ ಇಷ್ಟೆಲ್ಲ ರಾದ್ಧಾಂತ ಇರ್ತಿರಲಿಲ್ಲ ಅಲ್ವಾ?" ಸಬ್‌ರಿಜಿಸ್ಟ್ರಾರ್ ಕಚೇರಿಯ ಮುಂದೆ ಅಪ್ಪನ ಜೊತೆ ನಿಂತ ಮಗುವಷ್ಟೇ ಕೇಳಬಲ್ಲ ಪ್ರಶ್ನೆ ಅದು. ಕಾನೂನಿನ ಪ್ರಕಾರ ನೆಲದ ಜೊತೆ ಮರವೂ ಕೊಂಡವರದ್ದೇ ಎಂಬ ವಾದ ಆ ಕಥೆಯಲ್ಲೇ ಬರುತ್ತದೆ. ಅವಳಿಗೆ ಕಥೆ ಅರ್ಥವಾಗಿತ್ತು. ಇಂಗ್ಲಿಷ್ ಆಮೇಲಿನ ಕೆಲಸ.

ಆ ಆಮೇಲಿನ ಕೆಲಸ ಹೇಗೆ? ಎರಡಂಕದ ಪ್ರಶ್ನೆಗೆ ಎರಡು ಸಂಗತಿ ಬೇಕು, ಅಷ್ಟೇ. ಹೆಚ್ಚಿನ ಹಣವನ್ನು ತಾತ ಏಕೆ ಬೇಡವೆಂದ ಎಂದು ಕೇಳಿದರೆ, ಒಂದು: ಅವನು ಮಾತು ಕೊಟ್ಟಿದ್ದ. ಇನ್ನೊಂದು: ಆ ಬೆಲೆಗೆ ಇಡೀ ಜಮೀನು ಮಾರಿದ್ದೇನೆ ಎಂದೇ ತಿಳಿದಿದ್ದ. ಇವನ್ನು ನಾಲ್ಕೈದು ಪದಗಳ ಪುಟ್ಟ ವಾಕ್ಯಗಳಲ್ಲಿ ಇಡಿ: 'ಹಿ ಹ್ಯಾಡ್ ಗಿವನ್ ಹಿಸ್ ವರ್ಡ್.' ಗೈಡಿನ ಆರು ಸಾಲಿನ ವಾಕ್ಯ ನಡುವೆ ಮರೆತರೆ ಪೂರ್ತಿ ಕುಸಿಯುತ್ತದೆ. ಸಣ್ಣ ವಾಕ್ಯದಲ್ಲಿ ಒಂದು ತಪ್ಪಿದರೂ ಇನ್ನೊಂದು ನಿಲ್ಲುತ್ತದೆ. ಪ್ರಶ್ನೆಯಲ್ಲಿರುವ ಪದಗಳನ್ನೇ ಉತ್ತರದ ಮೊದಲ ವಾಕ್ಯಕ್ಕೆ ಎತ್ತಿಕೊಳ್ಳಿ, ಕಾಗುಣಿತದ ತಪ್ಪು ಅರ್ಧ ಕಡಿಮೆಯಾಗುತ್ತದೆ. ಪ್ರಶ್ನೆಯಲ್ಲಿ 'ಡಿಡ್' ಇದ್ದರೆ ಉತ್ತರದ ಕ್ರಿಯಾಪದ ಭೂತಕಾಲದಲ್ಲಿರಬೇಕು. ಇದೊಂದು ನೆನಪಿಟ್ಟರೆ ಸಾಕು, ಬಹಳ ಕೆಂಪು ಗೆರೆಗಳು ಮಾಯವಾಗುತ್ತವೆ.

ಸಂದರ್ಭದ ಪ್ರಶ್ನೆಗಳದ್ದು ಬೇರೆ ಬಗೆ. ಪಾಠದ ಒಂದೆರಡು ವಾಕ್ಯ ಕೊಟ್ಟು, ಕೆಳಗೆ ಮೂರು ಸಣ್ಣ ಪ್ರಶ್ನೆ ಕೇಳುತ್ತಾರೆ, ಮೂರು ಅಂಕ. ಇಲ್ಲಿ 'ಹಿ' ಅಂದರೆ ಯಾರು, ಇದನ್ನು ಯಾರಿಗೆ ಹೇಳಿದರು, ಹೀಗೆ ಹೇಳಲು ಕಾರಣವೇನು. ಮಕ್ಕಳು ಎಡವುವುದು ಸರ್ವನಾಮದಲ್ಲಿ. 'ಎ ಹೀರೋ' ಪಾಠವನ್ನೇ ತೆಗೆದುಕೊಳ್ಳಿ. ಪತ್ರಿಕೆಯ ಸುದ್ದಿಯಲ್ಲಿ ಹುಲಿಯನ್ನು ಎದುರಿಸಿದ ಹಳ್ಳಿ ಹುಡುಗನೂ 'ಹಿ', ಕಥಾನಾಯಕ ಸ್ವಾಮಿಯೂ 'ಹಿ', ಒಬ್ಬನೇ ಆಫೀಸ್ ಕೋಣೆಯಲ್ಲಿ ಮಲಗು ಎಂದು ಸವಾಲು ಹಾಕಿದ ಅಪ್ಪನೂ 'ಹಿ', ಕತ್ತಲಲ್ಲಿ ಸ್ವಾಮಿ ಕಾಲು ಕಚ್ಚಿದ್ದರಿಂದ ಸಿಕ್ಕಿಬಿದ್ದ ಕಳ್ಳನೂ 'ಹಿ'. ಹಾಗಾಗಿ ಪಾಠ ಓದುವಾಗ ಪೆನ್ಸಿಲ್ ಹಿಡಿದುಕೊಂಡು ಪ್ರತಿ 'ಹಿ', 'ಶಿ', 'ಐ' ಮೇಲೆ ಯಾರೆಂದು ಸಣ್ಣದಾಗಿ ಕನ್ನಡದಲ್ಲೇ ಬರೆದುಕೊಳ್ಳಿ. ಒಂದು ಪಾಠಕ್ಕೆ ಅರ್ಧ ಗಂಟೆ ಹಿಡಿಯುತ್ತದೆ. ಸಂದರ್ಭದ ಪ್ರಶ್ನೆಗೆ ಇಷ್ಟು ಕೆಲಸಕ್ಕೆ ಬರುವ ತಯಾರಿ ಇನ್ನೊಂದನ್ನು ನಾನು ಕಂಡಿಲ್ಲ.

ಇನ್ನು ಪದ್ಯ. ಬಾಯಿಪಾಠ ಮಾಡಿ ಬರೆಯುವ ಪ್ರಶ್ನೆಗೆ ನಾಲ್ಕು ಅಂಕ, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬಹುದು. ಷೇಕ್ಸ್‌ಪಿಯರನ 'ಕ್ವಾಲಿಟಿ ಆಫ್ ಮರ್ಸಿ'ಗೆ ಮಕ್ಕಳು ಎಲ್ಲಕ್ಕಿಂತ ಹೆಚ್ಚು ಅಂಜುತ್ತಾರೆ. ನಾನೂರು ವರ್ಷ ಹಿಂದಿನ ಇಂಗ್ಲಿಷ್, ಅಂಜಿಕೆ ಸಹಜ. ಅದು 'ದ ಮರ್ಚೆಂಟ್ ಆಫ್ ವೆನಿಸ್' ನಾಟಕದ ಭಾಗ. ವಕೀಲನ ವೇಷ ಹಾಕಿಕೊಂಡು ನ್ಯಾಯಾಲಯಕ್ಕೆ ಬಂದ ಪೋರ್ಷಿಯಾ ಎಂಬ ಹೆಣ್ಣುಮಗಳು ಸಾಲ ಕೊಟ್ಟ ಶೈಲಾಕನಿಗೆ ದಯೆ ತೋರಿಸು ಎಂದು ಹೇಳುವ ಮಾತು. ಸಾಲ ತೀರಿಸದಿದ್ದರೆ ಮೈಮಾಂಸ ಕತ್ತರಿಸಿ ಕೊಡಬೇಕೆಂಬ ಪತ್ರ ಶೈಲಾಕನ ಕೈಯಲ್ಲಿದೆ. ದಯೆ ಬಲವಂತದಿಂದ ಬರುವಂಥದ್ದಲ್ಲ, ಆಕಾಶದಿಂದ ಮೆಲ್ಲಗೆ ಇಳಿಯುವ ಮಳೆಯಂತೆ, ಕೊಟ್ಟವನಿಗೂ ಪಡೆದವನಿಗೂ ಒಳ್ಳೆಯದು, ರಾಜನಿಗೆ ಕಿರೀಟಕ್ಕಿಂತ ಅದೇ ಹೆಚ್ಚು ಒಪ್ಪುತ್ತದೆ ಎಂಬುದು ಸಾರ. ಸಾವಿರ ಅಡಿ ಕೊರೆದರೂ ಬೋರ್‌ವೆಲ್‌ನಲ್ಲಿ ನೀರು ಸಿಗುತ್ತದೆಂಬ ನಂಬಿಕೆಯಿಲ್ಲದ ಕೋಲಾರದ ಸೀಮೆಯಲ್ಲಿ ಮಳೆಗೂ ದಯೆಗೂ ಏನು ನಂಟು ಎಂದು ಯಾವ ಮೇಷ್ಟ್ರೂ ವಿವರಿಸಬೇಕಾಗಿಲ್ಲ.

ಷೇಕ್ಸ್‌ಪಿಯರ್ ನಮಗೆ ದೂರದವನು ಎನ್ನುವವರಿಗೆ ಎರಡು ವಿಷಯ ಹೇಳಬೇಕು. ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರ್ 1914ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದಿಂದ ಎಂ.ಎ. ಪದವಿ ಪಡೆದದ್ದು ಇಂಗ್ಲಿಷ್ ಸಾಹಿತ್ಯದಲ್ಲೇ. ಆಮೇಲೆ ಷೇಕ್ಸ್‌ಪಿಯರನ ನಾಟಕಗಳನ್ನು 'ಲಿಯರ್ ಮಹಾರಾಜ', 'ಚಂಡಮಾರುತ' ಎಂದು ಕನ್ನಡಕ್ಕೆ ತಂದರು. ಮುಳಬಾಗಲಿನಲ್ಲಿ ಹುಟ್ಟಿದ ಡಿ.ವಿ. ಗುಂಡಪ್ಪನವರು 'ಮ್ಯಾಕ್‌ಬೆತ್' ಅನುವಾದಿಸಿದರು. ಅವರು ಮೆಟ್ರಿಕ್ಯುಲೇಷನ್ ಪರೀಕ್ಷೆ ದಾಟಿದವರಲ್ಲ ಎಂಬುದನ್ನು ಮನೆಯಲ್ಲಿ ಬೇಕೆಂದರೆ ಹೇಳಿ, ಬೇಡವೆಂದರೆ ಬಿಡಿ. ಕೆಲವು ಮಕ್ಕಳು ಅದನ್ನು ನೆಪ ಮಾಡಿಕೊಳ್ಳುತ್ತಾರೆ.

ಬಾಯಿಪಾಠಕ್ಕೆ ಒಂದು ಉಪಾಯ. ಎಲ್ಲರೂ ಮೊದಲ ಸಾಲಿನಿಂದ ಶುರು ಮಾಡುತ್ತಾರೆ, ಹಾಗಾಗಿ ಮೊದಲ ಮೂರು ಸಾಲು ಕಲ್ಲಿನ ಹಾಗೆ ಗಟ್ಟಿ, ಕೊನೆಯ ಮೂರು ಸಾಲು ನೀರು. ತಿರುವುಮುರುವು ಮಾಡಿ. ಮೊದಲು ಕೊನೆಯ ಸಾಲು ಕಲಿಯಿರಿ, ಆಮೇಲೆ ಅದಕ್ಕಿಂತ ಹಿಂದಿನದನ್ನು ಸೇರಿಸಿ ಕೊನೆವರೆಗೆ ಹೇಳಿ. ಹೀಗೆ ಮೇಲಕ್ಕೆ ಹತ್ತಿದರೆ ಮುಂದೆ ಹೋದಷ್ಟೂ ಗೊತ್ತಿರುವ ಜಾಗಕ್ಕೇ ಬರುತ್ತೀರಿ. ಬಾಯಲ್ಲಿ ಬಂದ ಮೇಲೆ ಪುಸ್ತಕ ಮುಚ್ಚಿ ಬರೆದು, ಅಕ್ಷರ ಅಕ್ಷರ ತಾಳೆ ನೋಡಿ. ಅಂಕ ಸಿಗುವುದು ಬರೆದದ್ದಕ್ಕೆ. ಮನೆಯಲ್ಲಿ ಗಟ್ಟಿಯಾಗಿ ಒಪ್ಪಿಸಿದ್ದು ಯಾರ ಲೆಕ್ಕಕ್ಕೂ ಬರುವುದಿಲ್ಲ. ಸಾಲು ಎಲ್ಲಿ ಮುರಿಯುತ್ತದೆ, ಪ್ರತಿ ಸಾಲಿನ ಮೊದಲ ಅಕ್ಷರ ದೊಡ್ಡದೋ ಇಲ್ಲವೋ ಎಂಬುದನ್ನೂ ಪುಸ್ತಕದಲ್ಲಿರುವಂತೆಯೇ ಬರೆಯಿರಿ.

ಅಲಂಕಾರಗಳ ಬಗ್ಗೆ ಎರಡೇ ಮಾತು. ಹೋಲಿಕೆಯಲ್ಲಿ 'ಲೈಕ್' ಅಥವಾ 'ಆ್ಯಸ್' ಬಂದರೆ ಸಿಮಿಲಿ, ನಮ್ಮ ಉಪಮೆ. ಅವಿಲ್ಲದೆ ಅದೇ ಇದು ಎಂದರೆ ಮೆಟಫರ್, ನಮ್ಮ ರೂಪಕ. ಜೀವವಿಲ್ಲದ್ದು ಮನುಷ್ಯನಂತೆ ಮಾತಾಡಿದರೆ ಪರ್ಸಾನಿಫಿಕೇಶನ್. 'ಐ ಆ್ಯಮ್ ದ ಲ್ಯಾಂಡ್' ಪದ್ಯದಲ್ಲಿ ಭೂಮಿಯೇ ನಾನು ಎನ್ನುತ್ತದೆಯಲ್ಲ, ಅದು. ಕನ್ನಡ ವ್ಯಾಕರಣದ ತರಗತಿಯಲ್ಲಿ ಇವನ್ನು ಆಗಲೇ ಕಲಿತಿರುತ್ತೀರಿ, ಹೆಸರಷ್ಟೇ ಬೇರೆ.

ಪೂರಕ ಪಾಠಗಳನ್ನು ಕಡೆಗಣಿಸುವವರೇ ಜಾಸ್ತಿ. ಅವು ಓದಲು ಎಲ್ಲಕ್ಕಿಂತ ಹಗುರ. 1942ರ ಕ್ವಿಟ್ ಇಂಡಿಯಾ ದಿನಗಳ ಕಥೆ ಹೇಳುವ ಶಶಿ ದೇಶಪಾಂಡೆಯವರ 'ನಾರಾಯಣಪುರ ಇನ್ಸಿಡೆಂಟ್', ಮುಂಬೈ ದಾಳಿಯಲ್ಲಿ ಪ್ರಾಣ ಕೊಟ್ಟ ಬೆಂಗಳೂರಿನ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಪಾಠ, ಎವರೆಸ್ಟ್ ಏರಿದ ಡಿಕಿ ಡೋಲ್ಮಾ ಪಾಠ ಇವೆಲ್ಲ ಭಾನುವಾರ ಒಂದೇ ಕೂತಿಗೆ ಮುಗಿಯುತ್ತವೆ.

ಸಾಹಿತ್ಯದ ಹೊರಗಿನದರಲ್ಲಿ ಪತ್ರಲೇಖನವೊಂದನ್ನು ಹೇಳಿ ಮುಂದೆ ಹೋಗುತ್ತೇನೆ, ಅದಕ್ಕೆ ಐದು ಅಂಕ. ನೀವು ಇಂಥ ಊರಿನ ಸರ್ಕಾರಿ ಪ್ರೌಢಶಾಲೆಯ ಇಂಥವರು ಎಂದು ಭಾವಿಸಿಕೊಳ್ಳಿ ಎಂದು ಪ್ರಶ್ನೆಯಲ್ಲೇ ಹೆಸರು, ಊರು ಕೊಟ್ಟಿರುತ್ತಾರೆ. ಅದನ್ನೇ ಬರೆಯಿರಿ. ನಿಮ್ಮ ಸ್ವಂತ ಹೆಸರು ಉತ್ತರಪತ್ರಿಕೆಯ ಒಳಗೆ ಎಲ್ಲೂ ಬರಬಾರದು. ವಿಳಾಸ, ದಿನಾಂಕ, ಸಂಬೋಧನೆ, ಕೊನೆಯ ವಂದನೆ ಇವು ಪ್ರತಿ ವರ್ಷವೂ ಅವೇ, ಬರದಿದ್ದರೆ ತಪ್ಪು ನಮ್ಮದೇ.

ಪರೀಕ್ಷೆಯ ದಿನ ಆ 15 ನಿಮಿಷದಲ್ಲಿ ಏನು ಮಾಡಬೇಕು? ಉತ್ತರ ಯೋಚಿಸಬೇಡಿ. ಆಯ್ಕೆಯಿರುವ ಪ್ರಶ್ನೆಗಳಲ್ಲಿ ಯಾವುದನ್ನು ಬರೆಯುತ್ತೀರಿ ಎಂದಷ್ಟೇ ತೀರ್ಮಾನಿಸಿ. ಬೆಲ್ಲು ಹೊಡೆದ ಮೇಲೆ ಬಾಯಿಪಾಠದ ಪದ್ಯವನ್ನು ಮೊದಲೇ ಬರೆದು ತಲೆ ಹಗುರ ಮಾಡಿಕೊಳ್ಳುವುದು ಒಳ್ಳೆಯದು, ಪ್ರಶ್ನೆಯ ಸಂಖ್ಯೆ ಮಾತ್ರ ಸರಿಯಾಗಿರಲಿ. ಕೊಟ್ಟ ಗದ್ಯಭಾಗ ಓದಿ ಉತ್ತರಿಸುವುದಕ್ಕೆ ನಾಲ್ಕು ಅಂಕವಿದೆ, ಉತ್ತರ ಅದರಲ್ಲೇ ಇರುತ್ತದೆ. ಕೊನೆಯ ಗಡಿಬಿಡಿಗೆ ಅದನ್ನು ಬಿಡಬೇಡಿ.

ಮನೆಯಲ್ಲಿರುವ ದೊಡ್ಡವರಿಗೂ ಒಂದು ಕೆಲಸವಿದೆ. ಟೊಮೆಟೊ ಕ್ರೇಟು, ರೇಷ್ಮೆ ಹುಳು, ಸೀಮೆಹಸು ಇವುಗಳ ನಡುವೆ ನಿಮಗೆ ಪುರುಸೊತ್ತಿಲ್ಲ ಎಂಬುದು ಗೊತ್ತು. ಇಂಗ್ಲಿಷ್ ಬರಬೇಕಾಗಿಲ್ಲ. ಇವತ್ತು ರಾತ್ರಿ ಊಟಕ್ಕೆ ಕೂತಾಗ ಹೊಲ ಮಾರಿದ ಆ ತಾತನ ಕಥೆ ಹೇಳು ಎಂದು ಮಗುವನ್ನು ಕೇಳಿ, ತೆಲುಗಾಗಲಿ ಕನ್ನಡವಾಗಲಿ ಉರ್ದುವಾಗಲಿ. ತಾತ ಹೆಚ್ಚಿನ ಹಣ ಬೇಡವೆಂದ ಜಾಗಕ್ಕೆ ಬಂದಾಗ "ಯಾಕೆ?" ಅನ್ನಿ. ಉತ್ತರ ಬರುವವರೆಗೆ ಕಾಯಿರಿ.